ಎಮ್ಮೆ ತುಳಿದ ಮಣ್ಣಿನಲ್ಲಿ ಎರಡಂತಸ್ತು

ವಾಸ್ತುಶಿಲ್ಪ ಓದುವವರು ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಒಪ್ಪಿಸಬೇಕು. ಶಾಲೆಯೋ ಸಮುದಾಯ ಭವನವೋ, ಯಾವುದಾದರೂ ಸರಿ, ‘ಪರಿಸರಸ್ನೇಹಿ’ ಎಂಬ ಪದ ಮಾತ್ರ ಅದರಲ್ಲಿ ಇರಲೇಬೇಕು. ಗೋಡೆ ತುಂಬ ನಕ್ಷೆ, ಮೇಜಿನ ಮೇಲೊಂದು ಮಾದರಿ, ಪರೀಕ್ಷಕರ ನಾಲ್ಕು ಪ್ರಶ್ನೆ. ಆಮೇಲೆ ಎಲ್ಲವೂ ಅಟ್ಟ ಸೇರುತ್ತದೆ. ಜರ್ಮನಿಯ ಆನಾ ಹೆರಿಂಗರ್ 2004ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದ ಕಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಾಜೆಕ್ಟ್ ಹಾಗಾಗಲಿಲ್ಲ. ಮರುವರ್ಷವೇ ಅದು ಬಾಂಗ್ಲಾದೇಶದ ದಿನಾಜ್‌ಪುರ ಜಿಲ್ಲೆಯ ರುದ್ರಾಪುರದಲ್ಲಿ ಶಾಲೆಯ ಕಟ್ಟಡವಾಗಿ ನಿಂತಿತು.

ಆ ಹಳ್ಳಿ ಆಕೆಗೆ ಹೊಸದೇನಲ್ಲ. ಹತ್ತೊಂಬತ್ತರ ವಯಸ್ಸಿನಲ್ಲೇ ಬಾಂಗ್ಲಾದೇಶಕ್ಕೆ ಹೋಗಿ, ‘ದೀಪಶಿಖಾ’ ಎಂಬ ಸ್ವಯಂಸೇವಾ ಸಂಸ್ಥೆಯ ಜತೆ ಸುಮಾರು ಒಂದು ವರ್ಷ ಇದ್ದು ಬಂದವರು. ಕೈಗೆಟಕುವುದನ್ನೇ ನೆಚ್ಚಿಕೊಂಡು ಕೆಲಸ ಮಾಡಬೇಕೆಂಬ ಪಾಠ ಕಲಿತದ್ದು ಅಲ್ಲೇ ಎಂದು ಆಮೇಲೂ ಹೇಳುತ್ತ ಬಂದಿದ್ದಾರೆ. ರುದ್ರಾಪುರದಲ್ಲಿ ಕೈಗೆಟಕುತ್ತಿದ್ದದ್ದು ಮಣ್ಣು, ಬಿದಿರು, ಹುಲ್ಲು ಮತ್ತು ದುಡಿಯುವ ಜನ.

ಮಣ್ಣಿನ ಮನೆ ಕಟ್ಟುವುದನ್ನು ಆ ಊರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಗೋಡೆಗೆ ಪಾಯ ಇರುತ್ತಿರಲಿಲ್ಲ. ನೆಲದ ತೇವ ಗೋಡೆಗೆ ಏರಿ, ಬುಡ ಸವೆದು, ಮನೆ ಬೇಗ ಹಾಳಾಗುತ್ತಿತ್ತು. ಹೆರಿಂಗರ್ ಮತ್ತು ತಾಂತ್ರಿಕ ಹೊಣೆ ಹೊತ್ತ ಬರ್ಲಿನ್ನಿನ ವಾಸ್ತುಶಿಲ್ಪಿ ಐಕೆ ರೋಸ್ವಾಗ್ ಇಟ್ಟಿಗೆಯ ಪಾಯ ಹಾಕಿಸಿದರು, ಅದರ ಮೇಲೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಸಿದರು. ಈ ಶಾಲೆಯ ಫೋಟೋಗಳಲ್ಲಿ ಬಿದಿರಿನ ಮೇಲಂತಸ್ತು, ಬಣ್ಣದ ಸೀರೆಗಳ ಪರದೆ, ಮಕ್ಕಳು ನುಸುಳುವ ಮಣ್ಣಿನ ಗುಹೆಗಳು ಎದ್ದು ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ಕಟ್ಟಡದ ಜಾಣತನವಿರುವುದು ಯಾವ ಫೋಟೋದಲ್ಲೂ ಕಾಣದ ಆ ಪಾಯ ಮತ್ತು ಹಾಳೆಯಲ್ಲಿ.

ಗೋಡೆಯ ಕೆಲಸ ನಮ್ಮ ಹಳ್ಳಿಯ ಹಿರಿಯರಿಗೂ ಗುರುತು ಸಿಗುವಂಥದ್ದು. ಮಣ್ಣಿಗೆ ನೀರು, ಹುಲ್ಲು ಬೆರೆಸಿ ಎಮ್ಮೆಗಳಿಂದ ತುಳಿಸಿ ಹದ ಮಾಡುತ್ತಾರೆ. ಅಚ್ಚಿಲ್ಲ, ಹಲಗೆಯಿಲ್ಲ. ಮುದ್ದೆ ಮುದ್ದೆ ಮಣ್ಣನ್ನು ಪೇರಿಸಿ ಎರಡು ಅಡಿ ಎತ್ತರದ ಒಂದು ವರಸೆ ಏರಿಸಿ, ಕೆಲವು ದಿನ ಆರಲು ಬಿಡಬೇಕು. ಪೂರ್ತಿ ಗಟ್ಟಿಯಾಗುವ ಮೊದಲೇ ಹರಿತವಾದ ಸನಿಕೆಯಿಂದ ಅಂಚು ಸವರಿ ನೇರ ಮಾಡಬೇಕು. ಆಮೇಲೆ ಮುಂದಿನ ವರಸೆ. ಅವಸರಪಟ್ಟು ಹಸಿ ಗೋಡೆಯ ಮೇಲೆ ಭಾರ ಹೇರಿದರೆ ಕೆಳಗಿನದು ಉಬ್ಬಿ ಕುಸಿಯುತ್ತದೆ. ಹೀಗಿದ್ದೂ 2005ರ ಸೆಪ್ಟೆಂಬರ್‌ನಲ್ಲಿ ಶುರುವಾದ ಶಾಲೆ ಡಿಸೆಂಬರ್ ಹೊತ್ತಿಗೆ ಮುಗಿಯಿತು. ಎರಡಂತಸ್ತು ಬೇಕೆಂಬುದಕ್ಕೂ ಕಾರಣವಿತ್ತು: ಜನ ಕಿಕ್ಕಿರಿದ ಆ ನಾಡಿನಲ್ಲಿ ಕಟ್ಟಡ ಅಡ್ಡಡ್ಡ ಹರಡಿದರೆ ಗದ್ದೆಯೇ ಹೋಗುತ್ತದೆ. 2007ರಲ್ಲಿ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕೂಡ ಮಣ್ಣನ್ನೇ ನಂಬಿತು. ಆದರೆ ಅದು ಹಿಡಿದ ದಾರಿ ಬೇರೆ: ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಇಟ್ಟಿಗೆಯ ಆಕಾರಕ್ಕೆ ತರುವುದು. ನಗರದ ಮೇಸ್ತ್ರಿಗೆ ಅದು ಅನುಕೂಲ. ರುದ್ರಾಪುರದ ಗೋಡೆಯ ಮಣ್ಣಿಗೆ ಸಿಮೆಂಟ್ ಸೇರಿಸಲಿಲ್ಲ. ಸಿಮೆಂಟ್, ಕಬ್ಬಿಣಕ್ಕೆ ಸುರಿದ ದುಡ್ಡು ಊರು ಬಿಟ್ಟು ಹೋಗುತ್ತದೆ, ಕೂಲಿಗೆ ಕೊಟ್ಟದ್ದು ಊರ ಸಂತೆಯಲ್ಲೇ ಉಳಿಯುತ್ತದೆ ಎಂಬುದು ಹೆರಿಂಗರ್ ಅವರ ಲೆಕ್ಕ. ಕೂಲಿಯಾಳು ಸಿಗುವುದೇ ಕಷ್ಟವಾಗಿರುವ ನಮ್ಮ ಊರುಗಳಲ್ಲಿ ಈ ಲೆಕ್ಕ ಹೀಗೇ ಕೂಡಿಬರುತ್ತದೆಂದು ಹೇಳಲಾರೆ.

ಹೊರಗಿನಿಂದ ಬಂದ ವಿದ್ಯೆ ಊರಲ್ಲಿ ನಿಂತಿತೇ ಎಂಬುದು ಗೊತ್ತಾದದ್ದು ಒಂದು ದಶಕದ ನಂತರ. ಅದೇ ರುದ್ರಾಪುರದಲ್ಲಿ ಹೆರಿಂಗರ್ ರೂಪಿಸಿದ ಆನಂದಾಲಯವೆಂಬ ಸಮುದಾಯ ಕೇಂದ್ರ ಎದ್ದಿತು. 2020ರಲ್ಲಿ ಅದಕ್ಕೆ ಓಬೆಲ್ ಪ್ರಶಸ್ತಿ ಸಂದಿತು. ಶಾಲೆ ಕಟ್ಟುವಾಗ ಹೊರದೇಶದ ಕುಶಲಕರ್ಮಿಗಳು ಜತೆಗಿದ್ದರು. ಈ ಸಲ ಕಟ್ಟಿಸಿದವರೂ ಕಟ್ಟಿದವರೂ ಊರಿನವರೇ, ಅವರಲ್ಲಿ ಅಂಗವಿಕಲರೂ ಇದ್ದರು. ಕೆಳಗೆ ಅಂಗವಿಕಲರ ಚಿಕಿತ್ಸಾ ಕೇಂದ್ರ. ಅಲ್ಲಿಂದ ಕಟ್ಟಡವನ್ನು ಸುತ್ತಿಕೊಂಡು ಮೇಲಂತಸ್ತಿಗೆ ಇಳಿಜಾರು ದಾರಿಯೊಂದು ಏರುತ್ತದೆ. ಗಾಲಿಕುರ್ಚಿಯಲ್ಲಿ ಬಂದವರೂ ಮೇಲೆ ಹೋಗಬಹುದು. ಗೋಡೆಗಳೂ ನೇರವಿಲ್ಲ, ಬಳುಕಿಕೊಂಡು ಸಾಗುತ್ತವೆ. ಅಚ್ಚು-ಹಲಗೆಯ ಹಂಗಿಲ್ಲದ ಮಣ್ಣಿಗೆ ಬಾಗುವುದೇನೂ ದುಬಾರಿಯಲ್ಲ.

ಮೊದಲ ಯೋಜನೆಯಲ್ಲಿ ಇದ್ದದ್ದು ಚಿಕಿತ್ಸಾ ಕೇಂದ್ರವೊಂದೇ. ಊರಿನ ಹೆಂಗಸರ ಬಟ್ಟೆ ಕೆಲಸದ ‘ದೀಪ್ದಿ ಟೆಕ್ಸ್‌ಟೈಲ್ಸ್’ಗೆ ಮೇಲಂತಸ್ತು ಆಮೇಲೆ ಸೇರಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ನಮ್ಮ ಕೌದಿಯಂತೆ ಹೊಲಿಗೆ ಓಡಿಸುವುದು ಬಂಗಾಳದ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಬರುವ ವಿದ್ಯೆ. ಇಲ್ಲಿ ಅದು ಸಂಬಳದ ಕೆಲಸವಾಗಿದೆ, ಹೊಲಿಗೆಗೆಂದು ನಗರದ ಗಾರ್ಮೆಂಟ್ ಕಾರ್ಖಾನೆಗೆ ಹೋಗಬೇಕಿಲ್ಲ.