ಅಗಲಿದವರ ಬಟ್ಟೆಯಿಂದ ಒಂದು ಕೌದಿ

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಮೊದಲ ಹತ್ತು ಹನ್ನೊಂದು ದಿನ ಬಾಗಿಲು ಮುಚ್ಚುವುದೇ ಇಲ್ಲ. ನೆಂಟರು, ಅಕ್ಕಪಕ್ಕದವರು ಬರುತ್ತಲೇ ಇರುತ್ತಾರೆ. ಯಾರೋ ಅನ್ನ ಸಾರು ತರುತ್ತಾರೆ, ಯಾರೋ ಕಾಫಿ ಕಾಯಿಸಿ ಕೊಡುತ್ತಾರೆ. ತಿಥಿಯೋ, ಏಳನೇ ದಿನದ ಬಲಿಪೂಜೆಯೋ ಮುಗಿಯಿತು ಅಂದರೆ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಹೋಗಲೇಬೇಕಲ್ಲ. ಆಮೇಲೆ ಆ ಮನೆಯ ಹೆಂಗಸಿಗೆ ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು ಕಳೆಯುವುದೇ ದೊಡ್ಡ ಕಷ್ಟ. ಲಕ್ಷ್ಮೀಪುರಂನಂಥ ಹಳೇ ಬಡಾವಣೆಗಳಲ್ಲಿ ಇದನ್ನು ನಾವು ಹೆಚ್ಚಾಗಿ ಕಾಣುತ್ತೇವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ಮನೆಯೊಳಗೆ ತಾಯಿ ಒಬ್ಬರೇ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಷ್ಟ ಇದೆ. ತೀರಿಕೊಂಡವರ ಬಟ್ಟೆಗಳನ್ನು ಏನು ಮಾಡುವುದು? ಕೆಲವರು ಕೂಡಲೇ ದಾನ ಕೊಟ್ಟುಬಿಡುತ್ತಾರೆ, ಅದು ಅವರ ಮನೆಯ ಪದ್ಧತಿ, ತಪ್ಪೇನಿಲ್ಲ. ಕೆಲವರಿಗೆ ಕೊಡಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಬೀರುವಿನ ಆ ಒಂದು ಬಾಗಿಲು ವರ್ಷಗಟ್ಟಲೆ ತೆರೆಯುವುದೇ ಇಲ್ಲ. "ಸತ್ತವರ ಬಟ್ಟೆ ಇಟ್ಟುಕೋಬಾರದು" ಅಂತ ಹೇಳುವವರೂ ಇದ್ದಾರೆ. ಈ ಮಾತಿಗೆ ನಾವು ಹೆದರಬೇಕಾಗಿಲ್ಲ. ಒಗೆದು ಒಣಗಿಸಿದ ಹತ್ತಿಬಟ್ಟೆ ಯಾರಿಗೂ ಕೆಡುಕು ಮಾಡುವುದಿಲ್ಲ.

ಈ ಬಟ್ಟೆಗಳಿಗೆ ನಮ್ಮ ಹಿರಿಯರಲ್ಲೇ ಒಂದು ದಾರಿ ಇತ್ತು. ಮೈಸೂರು ಕಡೆ ಬೊಂತೆ ಅಂತಾರೆ, ಧಾರವಾಡ, ಬೆಳಗಾವಿ ಕಡೆ ಕೌದಿ ಅಂತಾರೆ. ಹಳೇ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ಹೊಲಿಯುವುದು. ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುತ್ತಿತ್ತು. ಅದನ್ನು ಯಾರೂ ಅಪಶಕುನ ಅನ್ನಲಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಇಂದಿಗೂ ಈ ಕೆಲಸ ಮಾಡುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಶಿಲುಬೆ ಕಾಣುತ್ತದೆ, ಕೆಲವುಗಳಲ್ಲಿ ಅರ್ಧಚಂದ್ರ. ಅವರು ಒಂದು ಮೂಲೆಯಿಂದ ಹೊಲಿಯಲು ಶುರುಮಾಡಿ, ಅಂಚಿನ ಸುತ್ತಲೂ ಬಂದು, ಸುತ್ತು ಸುತ್ತಾಗಿ ನಡುವಿಗೆ ತಲುಪುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಸಣ್ಣ ಹೂವಿನಂತೆ ಹೊಲಿಯುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ಲೆಕ್ಕ.

ಹೊಲಿಗೆಯಿಂದ ದುಃಖ ಹೇಗೆ ಹಗುರವಾಗುತ್ತದೆ ಅಂತ ಕೇಳಬಹುದು. ಕೌದಿ ದೊಡ್ಡದು, ಒಬ್ಬರೇ ಹೊಲಿಯುವುದು ಬೇಸರದ ಕೆಲಸ. ನಾಲ್ಕು ಜನ ನಾಲ್ಕು ಅಂಚಿಗೆ ಕೂರಬಹುದು. ಎಲ್ಲರ ಕಣ್ಣೂ ಬಟ್ಟೆಯ ಮೇಲಿರುವುದರಿಂದ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಎದುರಿಗೆ ಕೂತು "ಹೇಗಿದ್ದೀರಿ?" ಅಂತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, "ಪರವಾಗಿಲ್ಲ" ಅಂದುಬಿಡುತ್ತಾರೆ. ದಾರ ಪೋಣಿಸುವಾಗ ಮಾತು ತಾನಾಗಿ ಬರುತ್ತದೆ. "ಈ ಅಂಗಿ ಹಾಕ್ಕೊಂಡೇ ಮಗಳ ಮದುವೆಗೆ ಓಡಾಡಿದ್ರು" ಅಂತ ಒಬ್ಬರು ಹೇಳಿದರೆ ಉಳಿದವರು ಕೇಳುತ್ತಾರೆ. ಮಾತು ನಿಂತರೂ ಮುಜುಗರವಿಲ್ಲ, ಕೈ ನಡೆಯುತ್ತಿರುತ್ತದಲ್ಲ.

ದುಃಖದ ಬಗ್ಗೆ ಓದಿಕೊಂಡವರೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ ಅವರು 1999ರಲ್ಲಿ ಬರೆದ ಪ್ರಕಾರ, ದುಃಖಪಡುವ ಮನಸ್ಸು ಹೋದವರ ನೆನಪಿಗೂ ಮುಂದಿನ ಬದುಕಿನ ಕೆಲಸಕ್ಕೂ ನಡುವೆ ಹೋಗಿಬಂದು ಮಾಡುತ್ತಿರಬೇಕು. ಒಂದೇ ಕಡೆ ನಿಂತುಬಿಟ್ಟರೆ ಕಷ್ಟ. ಕೌದಿಯಲ್ಲಿ ಎರಡೂ ಒಟ್ಟಿಗಿವೆ: ಕೈಯಲ್ಲಿರುವುದು ಹೋದವರ ಬಟ್ಟೆ, ಆಗುತ್ತಿರುವುದು ಮುಂದಿನ ಚಳಿಗಾಲದ ಹೊದಿಕೆ.

ದೂರದ ಚಿಲಿ ದೇಶದಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. 1973ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಸಾವಿರಾರು ಜನರನ್ನು ಹಿಡಿದೊಯ್ದರು, ಎಷ್ಟೋ ಜನ ಮನೆಗೆ ಮರಳಲೇ ಇಲ್ಲ. ಗಂಡ, ಮಕ್ಕಳನ್ನು ಹುಡುಕಿ ಠಾಣೆಯಿಂದ ಠಾಣೆಗೆ ಅಲೆದ ಹೆಂಗಸರು ಚರ್ಚಿನ ಆಸರೆಯಲ್ಲಿ ಸೇರಿ, ಚಿಂದಿ ಬಟ್ಟೆಗಳನ್ನು ಗೋಣಿಬಟ್ಟೆಯ ಮೇಲೆ ಹೊಲಿದು ತಮ್ಮ ಕಥೆಯನ್ನು ಚಿತ್ರ ಮಾಡಿದರು. ಕಾರ್ಡಿನಲ್ ರೌಲ್ ಸಿಲ್ವಾ ಎನ್ರೀಕೆಸ್ ಅವರು 1976ರಲ್ಲಿ ಆರಂಭಿಸಿದ ಸಂಸ್ಥೆ ಆ ಹೊಲಿಗೆಗಳನ್ನು ಹೊರದೇಶಗಳಿಗೆ ಮುಟ್ಟಿಸಿತು. ಅವರಿಗೆ ನಾಲ್ಕು ಕಾಸೂ ಸಿಕ್ಕಿತು, ಒಬ್ಬರಿಗೊಬ್ಬರ ಜೊತೆಯೂ ಸಿಕ್ಕಿತು. ಅವರ ದುಃಖಕ್ಕೂ ನಮ್ಮದಕ್ಕೂ ಹೋಲಿಕೆ ಸಲ್ಲದು. ಆದರೂ ಸೂಜಿ ಹಿಡಿದು ಒಟ್ಟಿಗೆ ಕೂತದ್ದು ಅವರನ್ನು ಹೇಗೆ ಹಿಡಿದು ನಿಲ್ಲಿಸಿತು ಎಂಬುದನ್ನು ನೋಡಬೇಕು.

ನಾವೂ ತಪ್ಪು ಮಾಡಿದ್ದೇವೆ. ದುಃಖದಲ್ಲಿರುವವರನ್ನು ಕಂಡ ಕೂಡಲೇ "ಟೈಲರಿಂಗ್ ಕ್ಲಾಸಿಗೆ ಬನ್ನಿ, ಮಿಷನ್ ಸಾಲ ಕೊಡಿಸ್ತೀವಿ" ಅಂದದ್ದುಂಟು. ಬಂದವರು ಎರಡು ದಿನ ಕೂತು ಮತ್ತೆ ಬರಲಿಲ್ಲ. ಆದಾಯದ ಮಾತಿಗೆ ಅದು ಹೊತ್ತಾಗಿರಲಿಲ್ಲ. ಕೌದಿಯನ್ನು ಮಾರುವ ಯೋಚನೆ ಸದ್ಯಕ್ಕೆ ಬೇಡ ಅಂತ ಈಗ ನಾವೇ ಹೇಳುತ್ತೇವೆ.

ಮಾಡುವ ಬಗೆ ಸರಳ. ಬೇಕಾದದ್ದು ಮೆತ್ತಗಾದ ಹತ್ತಿಬಟ್ಟೆ. ರೇಷ್ಮೆ ಜಾರುತ್ತದೆ, ನೈಲಾನ್ ಸೀರೆ ಸೂಜಿಗೆ ಒಗ್ಗುವುದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಬೇರೆಯಾಗಿ ಒಗೆದು ನೋಡಿ. ಐದೂವರೆ ಮೀಟರಿನ ಒಂದು ಸೀರೆಯನ್ನು ಮೂರು ಮಡಿಕೆ ಮಾಡಿದರೆ ಸುಮಾರು 1.8 ಮೀಟರ್ ಉದ್ದದ ಮೂರು ಪದರ ಸಿಗುತ್ತದೆ. ಒಬ್ಬರು ಹೊದೆಯಲು ಅಷ್ಟು ಸಾಕು. ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಪದರಗಳು ಜರುಗದಂತೆ ಮೊದಲು ದೊಡ್ಡ ದೊಡ್ಡ ಹೊಲಿಗೆ ಹಾಕಿಕೊಳ್ಳಿ, ಇದನ್ನು ಆಮೇಲೆ ಬಿಚ್ಚಬೇಕು. ಅಂಗಿ, ಪಂಚೆಯ ತುಂಡುಗಳ ಅಂಚನ್ನು ಒಳಗೆ ಮಡಿಸಿ ಮೇಲೆ ಇಟ್ಟು, ಎರಡು ಬೆರಳಿಗೆ ಒಂದು ಸಾಲಿನಂತೆ ಸಾದಾ ಓಟದ ಹೊಲಿಗೆ ಹಾಕುತ್ತಾ ಬನ್ನಿ. ಗಟ್ಟಿ ಹತ್ತಿದಾರ, ಉದ್ದ ಸೂಜಿ ಸಂತೇಪೇಟೆಯಲ್ಲಿ ಸಿಗುತ್ತದೆ. ಹೊಲಿಗೆ ಸೊಟ್ಟಗಾದರೆ ಆಗಲಿ. ಕಸೂತಿಯಲ್ಲಾದರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟೂ ಇರಬಾರದು. ಕೌದಿಗೆ ಅಂಥ ಬಿಗಿ ಇಲ್ಲ.

ಮೊದಲ ಕತ್ತರಿ ಹಾಕುವುದೇ ಎಲ್ಲಕ್ಕಿಂತ ಕಷ್ಟ. ಆ ಮನೆಯವರೇ ಹಾಕಲಿ, ಬೇರೆಯವರು ಆತುರಪಡಬಾರದು. ಒಂದು ಅಂಗಿಯನ್ನು ಹಾಗೇ ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಲಿ. ಬಟ್ಟೆ ನೋಡಿ ಅತ್ತರೆ ಅಳಲು ಬಿಡಿ, "ಅಳಬೇಡಿ" ಅನ್ನಬೇಡಿ.

ಒಂದು ಎಚ್ಚರಿಕೆ ಬೇಕು. ಆರು ತಿಂಗಳು, ವರ್ಷ ಕಳೆದರೂ ಊಟ ನಿದ್ದೆ ಸೇರದೆ, ಯಾರೊಂದಿಗೂ ಬೆರೆಯದೆ, ಬದುಕೇ ಬೇಡ ಅನ್ನುವವರಿಗೆ ಕೌದಿ ಸಾಲದು. ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಬುಧವಾರ ಅಂದರೆ ಬುಧವಾರವೇ, ಮೂರು ಗಂಟೆಗೆ. ದಿನ ಬದಲಾಯಿಸುತ್ತಾ ಹೋದರೆ ಎಂಥ ಕೂಟವೂ ಒಡೆಯುತ್ತದೆ. ಮೂರು ನಾಲ್ಕು ಜನ ಸಾಕು, ಗುಂಪು ಹೆಚ್ಚಾದರೆ ಸಭೆಯಾಗಿಬಿಡುತ್ತದೆ. ಇನ್ನೊಂದು ಮಾತು: ಕಾಫಿ ಮಾಡುವ ಕೆಲಸವನ್ನು ದುಃಖದ ಮನೆಯವರಿಗೇ ಬಿಡಿ. ಬಹಳ ದಿನದಿಂದ ಅವರು ನಾಲ್ಕು ಲೋಟ ತೆಗೆದಿರುವುದಿಲ್ಲ.