ಮಳೆಗಾಲದ ಉಗ್ರಾಣವೂ ಸುಲಭದ ಅಡುಗೆಯೂ

ಮೇ ತಿಂಗಳು ಮುಗಿಯುತ್ತ ಬಂದ ಹಾಗೆ ನಮ್ಮ ಸದಸ್ಯರ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತದೆ. ಹೊರಗೆ ತೋಟದಲ್ಲಿ ಬಸಿಗಾಲುವೆ, ಮರಗಸಿ, ಕೊಳೆರೋಗದ ಔಷಧಿ. ಒಳಗೆ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಬೇಳೆಕಾಳು. ಹೊರಗಿನದನ್ನು ಕುರಿತು ಈ ಪುಟಗಳಲ್ಲಿ ಸಾಕಷ್ಟು ಬರೆದಿದ್ದೇವೆ. ಈ ಸಲ ಒಳಗಿನದರ ಬಗ್ಗೆ ನಾಲ್ಕು ಮಾತು. ಅಡುಗೆಮನೆಯ ವಿಷಯವೆಂದು ಪುಟ ಮಗುಚಲು ಹೊರಟ ಗಂಡಸರಲ್ಲಿ ಒಂದು ವಿನಂತಿ: ಇದು ತೇವಾಂಶದ ವಿಷಯವೂ ಹೌದು. ಆ ವಿಷಯದಲ್ಲಿ ಕಾಫಿ, ಅಡಿಕೆ ಒಣಗಿಸಿದವರಿಗೆ ಇರುವಷ್ಟು ಅನುಭವ ಇನ್ನಾರಿಗೂ ಇರಲಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನ ನಮ್ಮ ಕಡೆ ಅಡುಗೆ ಮಾಡುವವರ ಪಾಡು ಬೇರೆ. ಸಂತೆಗೆ ಹೋಗುವ ದಾರಿಯ ಮೇಲೆ ಮರ ಬಿದ್ದಿರುತ್ತದೆ. ಕರೆಂಟು ಹೋದರೆ ಎರಡು ದಿನಕ್ಕೆ ಬರಬಹುದು, ನಾಲ್ಕು ದಿನಕ್ಕೆ ಬರಬಹುದು. ಮಿಕ್ಸಿಯೂ ಇಲ್ಲ, ಫ್ರಿಜ್ಜೂ ಇಲ್ಲ. ತರಕಾರಿ ಹಿತ್ತಿಲಲ್ಲೇ ಕೊಳೆಯುತ್ತದೆ. ಆದರೂ ಹೊತ್ತಿಗೆ ಸರಿಯಾಗಿ ಐದಾರು ಜನರಿಗೆ ಬಿಸಿ ಊಟ ಆಗಬೇಕು. ಇಂಥ ದಿನಗಳಲ್ಲಿ ಅರ್ಧ ಗಂಟೆಯಲ್ಲಿ ಅಡುಗೆ ಮುಗಿಯುವುದೂ ಎರಡು ಗಂಟೆ ಒದ್ದಾಡುವುದೂ ಕೈಚಳಕಕ್ಕಿಂತ ಹೆಚ್ಚಾಗಿ ಉಗ್ರಾಣವನ್ನು ಅವಲಂಬಿಸಿದೆ. ಉಗ್ರಾಣ ತುಂಬಿದ್ದರೆ ಸಾಲದು, ಅದರಲ್ಲಿರುವುದು ಒಣಗಿರಬೇಕು.

ನಾವು ನೋಡಿದ ಹಲವು ಮನೆಗಳಲ್ಲಿ ಹಿರಿಯರ ದೂರು ಒಂದೇ. "ನಮ್ಮ ಅತ್ತೆಯವರ ಕಾಲದಲ್ಲಿ ಹಪ್ಪಳ ದೀಪಾವಳಿಯವರೆಗೂ ಗರಿಗರಿಯಾಗಿ ಇರುತ್ತಿತ್ತು, ಈಗ ಆಷಾಢದಲ್ಲೇ ಬೂಷ್ಟು ಹಿಡಿಯುತ್ತದೆ" ಎನ್ನುತ್ತಾರೆ. ಉದ್ದು ಸರಿಯಿಲ್ಲ, ಬಿಸಿಲು ಸರಿಯಿಲ್ಲ, ಸೊಸೆಯ ಕೈ ಸರಿಯಿಲ್ಲ ಎಂದು ಕಾರಣಗಳನ್ನೂ ಹೇಳುತ್ತಾರೆ. ನಮಗೆ ಕಾಣುವ ಕಾರಣ ಬೇರೆ: ಒಲೆ. ಹಿಂದಿನ ಮನೆಗಳಲ್ಲಿ ಕಟ್ಟಿಗೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿತ್ತು. ಅದರ ಬಿಸಿ, ಹೊಗೆ ಎರಡೂ ಮೇಲಿನ ಅಟ್ಟಕ್ಕೆ ಹೋಗುತ್ತಿದ್ದವು. ಅಟ್ಟದ ಮೇಲಿನ ಮೆಣಸಿನಕಾಯಿ, ಕೊಬ್ಬರಿ, ಹುಣಸೆ, ಬೆಲ್ಲ, ಬೀಜದ ಬುಟ್ಟಿ ಎಲ್ಲವೂ ನಾಲ್ಕು ತಿಂಗಳು ನಿತ್ಯವೂ ಒಣಗುತ್ತಲೇ ಇರುತ್ತಿದ್ದವು. ಗ್ಯಾಸ್ ಬಂದು ಅಡುಗೆಯವರ ಕಣ್ಣು, ಎದೆ ಉಳಿದವು. ಅದಕ್ಕಾಗಿ ಸಂತೋಷಪಡೋಣ, ಹೊಗೆ ಕುಡಿದು ಕೆಮ್ಮುತ್ತ ಬದುಕಿದವರನ್ನು ಕಂಡವರಾರೂ ಆ ಕಾಲ ಮರಳಲಿ ಎನ್ನಲಾರರು. ಆದರೆ ಅಟ್ಟ ತಣ್ಣಗಾಯಿತು. ನಾವು ಇಡುವ ಕ್ರಮ ಮಾತ್ರ ಹಳೆಯದೇ ಉಳಿಯಿತು.

ಜುಲೈ ತಿಂಗಳ ಮಲೆನಾಡಿನಲ್ಲಿ ಗಾಳಿಯ ತೇವ ಎಷ್ಟೋ ದಿನ ಶೇಕಡಾ 90ನ್ನು ದಾಟಿರುತ್ತದೆ. ಸುತ್ತಲಿನ ಗಾಳಿಯ ತೇವ ಶೇಕಡಾ 70 ಮೀರಿದಲ್ಲಿ, ತೆರೆದಿಟ್ಟ ಕಾಳು ಅದನ್ನು ಹೀರಿಕೊಂಡು ಬೂಷ್ಟು ಬೆಳೆಯುವಷ್ಟು ಹಸಿಯಾಗುತ್ತದೆ. ಬಿಸಿಲಿನಲ್ಲಿ ಎಷ್ಟೇ ಚೆನ್ನಾಗಿ ಒಣಗಿಸಿ ತಂದರೂ ಸಡಿಲ ಮುಚ್ಚಳದ ಡಬ್ಬದಲ್ಲಿಟ್ಟರೆ ಹದಿನೈದು ದಿನದಲ್ಲಿ ಶ್ರಮವೆಲ್ಲ ನೀರಾಗುತ್ತದೆ.

ಇದು ರುಚಿಯ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬೂಷ್ಟು ಹಿಡಿದ ಹಪ್ಪಳವನ್ನು ಬಟ್ಟೆಯಲ್ಲಿ ಒರೆಸಿ ಕರಿಯುವುದು, ಕೊಬ್ಬರಿಯ ಹಸಿರು ಭಾಗವನ್ನು ಹೆರೆದು ಉಳಿದದ್ದನ್ನು ತುರಿಯುವುದು, ಮುಗ್ಗಲು ಶೇಂಗಾವನ್ನು ಹುರಿದು ಚಟ್ನಿಪುಡಿ ಮಾಡುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಹಾಳು ಮಾಡಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಹೀಗೆ ಮಾಡುತ್ತಾರೆ. ಆದರೆ ಕೆಲವು ಜಾತಿಯ ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡವರಿಗೆ ಕಾಮಾಲೆ ಕಾಣಿಸಿಕೊಂಡಿತು. ಲೆಕ್ಕಕ್ಕೆ ಸಿಕ್ಕ 397 ರೋಗಿಗಳಲ್ಲಿ 106 ಜನ ತೀರಿಕೊಂಡರು. ಅದೇ ಅನ್ನ ಹಂಚಿಕೊಂಡ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು. ಒಮ್ಮೆಗೇ ಅಷ್ಟು ವಿಷ ಹೊಟ್ಟೆಗೆ ಹೋಗುವುದು ಅಪರೂಪ ನಿಜ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ನೆನಪಿಡಬೇಕಾದ ಮಾತೆಂದರೆ, ನಮ್ಮ ಒಲೆಯ ಮೇಲಿನ ಕುದಿತವಾಗಲಿ ಕರಿಯುವುದಾಗಲಿ ಈ ವಿಷವನ್ನು ಪೂರ್ತಿ ನಾಶಮಾಡುವುದಿಲ್ಲ. ಬೂಷ್ಟು ಒರೆಸಿದರೆ ಹೋಗುತ್ತದೆ, ಒಳಗಿಳಿದ ವಿಷ ಹೋಗುವುದಿಲ್ಲ. ಕೊಬ್ಬರಿ, ಶೇಂಗಾ, ಒಣಮೆಣಸಿನಕಾಯಿ, ಮುಸುಕಿನ ಜೋಳ ಇವುಗಳಲ್ಲಿ ಅಪಾಯ ಹೆಚ್ಚು. ಬೂಷ್ಟು ಕಂಡರೆ ಎಸೆಯಿರಿ. ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಕಾಫಿಗೆ ಮಾಡುವುದನ್ನೇ ಮಾಡಬೇಕು. ಕಾಫಿಯನ್ನು ಶೇಕಡಾ 10-11ರ ತೇವಕ್ಕೆ ತಂದಲ್ಲದೆ ಚೀಲ ಕಟ್ಟುವುದಿಲ್ಲ. ಚೆರಿಯನ್ನು ಕೈಯಲ್ಲಿ ಹಿಡಿದು ಕುಲುಕಿ, ಗಲಗಲ ಸದ್ದು ಬಂದರೆ ಒಪ್ಪುತ್ತೇವೆ. ಉಗ್ರಾಣಕ್ಕೂ ಇಂಥ ಗುರುತುಗಳಿವೆ. ಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು. ಹಪ್ಪಳ ಬಾಗದೆ ಪಟ್ಟೆಂದು ಮುರಿಯಬೇಕು. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಒಡೆಯಬೇಕೇ ಹೊರತು ಅದುಮಿಕೊಳ್ಳಬಾರದು. ಬಿಸಿಲಿನಿಂದ ತಂದದ್ದನ್ನು ಪೂರ್ತಿ ಆರಿಸಿ ಡಬ್ಬಕ್ಕೆ ತುಂಬಬೇಕು. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಕೆಡುತ್ತದೆ. ಡಬ್ಬ ಕಂಠದವರೆಗೆ ತುಂಬಿರಲಿ, ಮುಚ್ಚಳ ಬಿಗಿಯಾಗಿರಲಿ. ಮುಖ್ಯವಾಗಿ, ದೊಡ್ಡ ಡಬ್ಬವನ್ನು ದಿನವೂ ತೆರೆಯಬೇಡಿ. ವಾರಕ್ಕೆ ಬೇಕಾದಷ್ಟನ್ನು ಮಳೆ ಹೊಳವಾದ ಹೊತ್ತು ನೋಡಿ ಚಿಕ್ಕ ಡಬ್ಬಕ್ಕೆ ತೆಗೆದುಕೊಳ್ಳಿ. ಇದೊಂದು ಅಭ್ಯಾಸದಿಂದಲೇ ಅರ್ಧಕ್ಕರ್ಧ ನಷ್ಟ ತಪ್ಪುತ್ತದೆಂದು ನಮ್ಮ ಅನುಭವ.

ಇಡೀ ಕಾಳಿಗೆ ಹುಳದ ಕಾಟವೂ ಉಂಟು. ಕಾಳು ಕೊರೆಯುವ ಹುಳ ಹೆಸರು, ಅಲಸಂದೆ, ಹುರುಳಿಗಳ ಮೇಲೆ ಮೊಟ್ಟೆಯಿಟ್ಟು ಒಳಗೆ ಸೇರುತ್ತದೆ. ಒಡೆದ ಬೇಳೆಗೆ ಅದರ ಹಾವಳಿ ಕಡಿಮೆ. ಬೇಳೆಗೆ ಹರಳೆಣ್ಣೆಯ ಕೈ ಸವರುವ ಹಳೆಯ ಪದ್ಧತಿ ಒಳ್ಳೆಯದೇ. ತೋಟದ ಔಷಧಿ ಬಂದ ಡಬ್ಬವನ್ನು ಎಷ್ಟೇ ತೊಳೆದರೂ ಉಗ್ರಾಣದೊಳಕ್ಕೆ ತರಬೇಡಿ. ಔಷಧಿ, ಗೊಬ್ಬರಗಳನ್ನು ಬೇಳೆಯ ಮೂಟೆಯ ಪಕ್ಕ ಇಡುವುದೂ ಬೇಡ.

ಎಷ್ಟು ಇಡಬೇಕು ಎಂಬ ಲೆಕ್ಕ ಈಗ ಬದಲಾಗಬೇಕು. ಆರು ಜನರ ಮನೆಗೆ ದಿನಕ್ಕೆ ಕಾಲು ಕೆ.ಜಿ. ತೊಗರಿಬೇಳೆ ಎಂದು ಹಿಡಿದರೆ 122 ದಿನಕ್ಕೆ 30 ಕೆ.ಜಿ. ದಾಟುತ್ತದೆ. ಆದರೆ ನಮ್ಮ ಊಟದಲ್ಲಿ ಅರ್ಧ ದಿನ ಬೇಳೆ ಬೇಡದ ತಂಬುಳಿ, ಸಾರು, ಗೊಜ್ಜುಗಳೇ. ಹದಿನೈದು ಕೆ.ಜಿ. ಸಾಕು, ಅದನ್ನೂ ಎರಡು ಸಲ ತರಬಹುದು. ನಮ್ಮ ಅಜ್ಜಂದಿರು ಹೊಳೆ ತುಂಬಿದರೆ ತಿಂಗಳುಗಟ್ಟಲೆ ಈಚೆ ದಡದಲ್ಲೇ ಉಳಿಯಬೇಕಾಗಿತ್ತು, ಅದಕ್ಕೆ ಮೂಟೆಗಟ್ಟಲೆ ತರುತ್ತಿದ್ದರು. ಇಂದು ವಾರದೊಳಗೆ ದಾರಿ ತೆರವಾಗುತ್ತದೆ. ಅಂಗಡಿಯಲ್ಲಿ ಸಿಗುವುದನ್ನು ಕಡಿಮೆ ಇಟ್ಟು, ಅಂಗಡಿಯಲ್ಲಿ ಸಿಗದದ್ದನ್ನು ಹೆಚ್ಚು ಇಡುವುದು ಲೇಸು. ಉಪ್ಪುನೀರಿನ ಮಿಡಿ, ಉಪ್ಪಿನ ಸೊಳೆ, ಒಣಗಿಸಿದ ಮುರುಗಲು ಸಿಪ್ಪೆ, ವಾಟೆಹುಳಿ, ನೆಲ್ಲಿಚಟ್ಟು, ಹುರಿದ ಪುಡಿಗಳು: ಇವು ಇದ್ದರೆ ಅಡುಗೆ ತಾನಾಗಿ ಹಗುರಾಗುತ್ತದೆ.

ಕರೆಂಟು ಇಲ್ಲದ ದಿನಕ್ಕೆ ಮೊದಲ ಆಸರೆ ಮೆಂತ್ಯದ ಹಿಟ್ಟು. ಒಂದು ಪಾವು ಕಡಲೆಬೇಳೆ, ಅರ್ಧ ಪಾವು ಉದ್ದಿನಬೇಳೆ, ಕಾಲು ಕಾಲು ಪಾವು ಅಕ್ಕಿ ಮತ್ತು ಗೋಧಿ, ಎರಡು ಚಮಚ ಮೆಂತ್ಯ, ಅಷ್ಟೇ ಜೀರಿಗೆ, ಒಂದು ಹಿಡಿ ಕೊತ್ತಂಬರಿ, ಒಂದು ತುಂಡು ಅರಿಸಿನ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ಆರಿಸಿ, ಮಳೆಗೆ ಮೊದಲೇ ಹಿಟ್ಟು ಮಾಡಿಸಿ ಇಡಬೇಕು. ಬೇಕಾದಾಗ ಎರಡು ಚಮಚ ಹಿಟ್ಟಿಗೆ ಮೊಸರು, ಉಪ್ಪು, ಚೂರು ಬೆಲ್ಲ ಕಲಸಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಗೊಜ್ಜು ಸಿದ್ಧ. ಮೊಸರಿಲ್ಲದಿದ್ದರೆ ಹುಣಸೆ ರಸ. ಅನ್ನ ಬೇಯುವಷ್ಟರಲ್ಲಿ ಇದು ಮುಗಿದು ಕೈ ತೊಳೆದಿರುತ್ತೀರಿ.

ಉಪ್ಪುನೀರಿನ ಮಿಡಿಯ ಉಪಯೋಗ ಉಪ್ಪಿನಕಾಯಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಮೂರು ನಾಲ್ಕು ಮಿಡಿಗಳನ್ನು ತೊಳೆದು, ಜಜ್ಜಿ ಗೊರಟು ತೆಗೆದು, ಕೈಯಲ್ಲೇ ಕಿವುಚಿ ಎರಡು ಲೋಟ ನೀರು ಬೆರೆಸಿ. ಉಪ್ಪು ಹಾಕುವ ಅಗತ್ಯವಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಮೆಣಸಿನಕಾಯಿಯ ಒಗ್ಗರಣೆ ಚುಂಯ್ ಎನ್ನಿಸಿದರೆ ನೀರ್ಗೊಜ್ಜು. ಜೀರಿಗೆ ಪರಿಮಳದ ಅಪ್ಪೆಮಿಡಿಯಾದರೆ ಊಟ ಮುಗಿದ ಮೇಲೂ ಲೋಟದಲ್ಲಿ ಕೇಳಿ ಕುಡಿಯುತ್ತಾರೆ. ಮುರುಗಲು ಸಾರು ಇನ್ನೂ ಸುಲಭ. ಎಂಟು ಹತ್ತು ಒಣ ಸಿಪ್ಪೆಗಳನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಿಂಡಿ, ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ ಬಂದ ಕೂಡಲೆ ಇಳಿಸಿ, ತುಪ್ಪದಲ್ಲಿ ಜೀರಿಗೆ ಅಥವಾ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಇವೆರಡರ ಜೊತೆಗೆ ಸುಟ್ಟ ಹಪ್ಪಳ ಇದ್ದರೆ ಮತ್ತೇನೂ ಬೇಡ.

ಹುರುಳಿ ನಮ್ಮ ಕಡೆಯ ದೊಡ್ಡ ಆಧಾರ. ದನಕ್ಕೆ ಬೇಯಿಸುವುದೆಂದು ಪೇಟೆಯವರು ಮೂಗು ಮುರಿದರೂ ಸರಿಯೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಚ್ಚು ನೀರಿಟ್ಟು ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ. ಬಸಿದ ಕಟ್ಟಿಗೆ ಹುಣಸೆ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿದರೆ ಸಾರು. ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಒಂದು ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಕಟ್ಟು ಉಳಿದರೆ ಮರುದಿನವೂ ಚೆನ್ನಾಗಿ ಕುದಿಸಿ. ಬತ್ತಿದಷ್ಟೂ ರುಚಿ ಏರುತ್ತದೆ.

ಉಪ್ಪಿನ ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಎರಡು ಸಲ ನೀರು ಬದಲಿಸಿ, ಉಪ್ಪು ಬಿಟ್ಟಿದೆಯೇ ಎಂದು ಒಂದು ಚೂರು ತಿಂದು ನೋಡಿ. ಹಿಂಡಿ ಹೆಚ್ಚಿದ ಸೊಳೆಗೆ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ, ಮೇಲಿಷ್ಟು ಕಾಯಿತುರಿ. ಕರೆಂಟು ಬಂದ ದಿನ ನೆನೆದ ಅಕ್ಕಿಯೊಂದಿಗೆ ರುಬ್ಬಿ ರೊಟ್ಟಿಯನ್ನೂ ತಟ್ಟಬಹುದು. ಬಾಳೆ ನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ ಸೌತೆಕಾಯಿ, ತೊಟ್ಟು ಮುರಿಯದೆ, ಒಂದಕ್ಕೊಂದು ತಾಗದೆ ಇದ್ದರೆ ತಿಂಗಳುಗಳ ಕಾಲ ಬರುತ್ತದೆ. ಹೋಳು ಬೇಳೆಯೊಂದಿಗೆ ಹುಳಿಗೆ, ತಿರುಳು ಮರುದಿನದ ಸಾರಿಗೆ. ತುದಿಯ ಚೂರು ಕಹಿಯಿದ್ದರೆ ಇಡೀ ಕಾಯಿ ಬೇಡ.

ತಂಬುಳಿಗೆ ಕಾಯಿ ರುಬ್ಬಲೇಬೇಕು. ಮೂಲೆಯಲ್ಲಿರುವ ಸಣ್ಣ ಒರಳನ್ನು ಮಳೆಗಾಲಕ್ಕಾದರೂ ಈಚೆ ತನ್ನಿ. ನೆಲ್ಲಿಚಟ್ಟು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು ಒಂದು ಹಿಡಿ ಕಾಯಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸುವುದಕ್ಕೆ ಹತ್ತು ನಿಮಿಷವೂ ಬೇಡ. ತಿರುಗಿಸುವ ಕೆಲಸ ಮನೆಯ ಗಂಡುಮಕ್ಕಳಿಗೂ ಬರುತ್ತದೆ.

ಮೀನು ತಿನ್ನುವ ಮನೆಗಳಲ್ಲಿ ಒಣಮೀನಿಗೆ ಬೇರೆಯೇ ಡಬ್ಬ ಬೇಕು. ಉಪ್ಪು ಹಾಕಿದ ಮೀನು ಕೆಡದೆಂಬ ಧೈರ್ಯ ಮಳೆಗಾಲದಲ್ಲಿ ಬೇಡ. ಉಪ್ಪೇ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಬಿಸಿಲು ಬಿದ್ದ ದಿನ ಹೊರಗೆ ಹಾಕಿ, ಬಿಸಿಲಿಲ್ಲದಿದ್ದರೆ ಕಾವಲಿಯ ಮೇಲೆ ಬೆಚ್ಚಗೆ ಮಾಡಿ ಆರಿಸಿಡಿ. ಹುರಿದ ಒಣ ಸೀಗಡಿ, ಸುಟ್ಟ ಮೆಣಸಿನಕಾಯಿ, ಹುಣಸೆ, ಕಾಯಿ ಜಜ್ಜಿದ ಚಟ್ನಿ ಬಿಸಿ ಕಡುಬಿಗೂ ಅಕ್ಕಿರೊಟ್ಟಿಗೂ ಒಪ್ಪುತ್ತದೆ.

ಇಷ್ಟರ ನಡುವೆ ಕಾಡು, ಹಿತ್ತಿಲು ಕೊಡುವುದೂ ಇದೆ. ಅದರಲ್ಲಿ ಕಳಲೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ದಿನವೂ ನೀರು ಬದಲಿಸಿ ನೆನೆಹಾಕಿ, ಬೇಯಿಸಿದ ಮೊದಲ ನೀರನ್ನು ಚೆಲ್ಲುವ ಪದ್ಧತಿ ಬರಿಯ ವಾಸನೆ ಕಳೆಯುವುದಕ್ಕಲ್ಲ. ಅವಸರದ ಅಡುಗೆ ಎಷ್ಟೇ ಒಳ್ಳೆಯದಾದರೂ ಈ ಕೆಲಸದಲ್ಲಿ ಅವಸರ ಸಲ್ಲದು.

ನವರಾತ್ರಿಯ ಹೊತ್ತಿಗೆ ಬಿಸಿಲು ಬೀಳುತ್ತದೆ. ಆಗ ಡಬ್ಬಗಳನ್ನೆಲ್ಲ ಹೊರಗೆ ತಂದು, ಏನು ಎಷ್ಟು ಉಳಿಯಿತು, ಏನು ಆಗಸ್ಟಿನಲ್ಲೇ ಮುಗಿಯಿತು ಎಂಬುದನ್ನು ಮುಚ್ಚಳದ ಒಳಮೈಯ ಮೇಲೆ ಸೀಸದಕಡ್ಡಿಯಿಂದ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಪೇಟೆಗೆ ಚೀಟಿ ಬರೆಯುವಾಗ ಆ ಮುಚ್ಚಳಗಳನ್ನು ನೋಡಿಕೊಂಡೇ ಬರೆಯಬಹುದು.