ತಿರುಗಬೇಕು, ಜಾರಬಾರದು

ಮಹಾರಾಷ್ಟ್ರದ ಮಿರಜಿನ ಸತಾರಮೇಕರ್ ಗಲ್ಲಿಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಗುವುದು ಪಾಲಿಶ್ ವಾಸನೆ. ಅಂಗಡಿಯ ಮೇಲ್ಗೋಡೆಗೆ ಸಾಲಾಗಿ ತೂಗುಹಾಕಿದ ತಂಬೂರಿಗಳು, ಮೂಲೆಯಲ್ಲಿ ಮಂಗಳವೇಢೆಯ ಕಡೆಯಿಂದ ಬಂದ ಒಣಗಿದ ಕುಂಬಳದ ಬುರುಡೆಗಳ ರಾಶಿ, ಗೋಡೆಗೆ ಒರಗಿಸಿಟ್ಟ ದಂಡಿಗಳು. ದಂಡಿಯ ಮರ ಕರ್ನಾಟಕದ ಕಾಡಿನಿಂದ ಬರುತ್ತದೆ. ನೋಡಲು ಬಂದವರ ಕಣ್ಣೆಲ್ಲ ಬುರುಡೆಯ ಮೇಲೆ, ಅದರ ಮೇಲಿನ ಹೂಬಳ್ಳಿಯ ಕೆತ್ತನೆಯ ಮೇಲೆ. ನನಗೆ ಮಾತ್ರ ಇಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಬೇಕೆನಿಸುವುದು ಖುಂಟಿ ಕೂರಿಸುವ ಕೆಲಸ. ನಾವು ವೀಣೆಗೆ ಬಿರಡೆ ಎನ್ನುತ್ತೇವಲ್ಲ, ಅದೇ.

ಕಾರೀಗರ ನೆಲದ ಮೇಲೆ ಕೂತು ತಂಬೂರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಕೈಯಲ್ಲಿರುವ ಖುಂಟಿ ಹಿಡಿಯ ಕಡೆ ದಪ್ಪ, ತುದಿಯ ಕಡೆ ಸಣ್ಣ. ದಂಡಿಯ ತೂತೂ ಅದೇ ಓರೆಯಲ್ಲಿ ಕಿರಿದಾಗುತ್ತ ಹೋಗಬೇಕು. ಖುಂಟಿಯನ್ನು ತೂತಿಗೆ ಒತ್ತಿ ಎರಡು ಸುತ್ತು ತಿರುಗಿಸಿ, ಹೊರತೆಗೆದು ಬೆಳಕಿಗೆ ಹಿಡಿಯುತ್ತಾನೆ. ಮರದ ಮೇಲೆ ಸಣ್ಣಗೆ ಹೊಳೆಯುವ ಉಂಗುರವೊಂದು ಮೂಡಿದೆ. ಹೊಳೆದ ಕಡೆ ಮರಕ್ಕೆ ಮರ ತಾಗಿದೆ, ಮಂಕಾಗಿ ಉಳಿದ ಕಡೆ ಇನ್ನೂ ತಾಗಿಲ್ಲ. ಹೊಳೆದಲ್ಲಿ ಮಾತ್ರ ಅರದಿಂದ ಒಂದೆರಡು ಸಲ ಎಳೆದು ಮತ್ತೆ ಒತ್ತುತ್ತಾನೆ, ಮತ್ತೆ ತೆಗೆದು ನೋಡುತ್ತಾನೆ. ಉಂಗುರ ಅಗಲವಾಗುತ್ತ, ತೂತಿನ ಗೋಡೆ ತಾಗುವ ಕಡೆಯೆಲ್ಲ ಒಂದೇ ಹೊಳಪಾಗುವವರೆಗೆ ಇದೇ ಕೆಲಸ. ಕೊನೆಗೆ ಹಿಡಿತಕ್ಕೆ ಒಂದಿಷ್ಟು ಸೀಮೆಸುಣ್ಣದ ಪುಡಿ. ಅಳತೆಪಟ್ಟಿ ಎಲ್ಲೂ ಕಾಣಲಿಲ್ಲ.

ಇಷ್ಟು ಗಂಭೀರವಾಗಿ ಮಾಡಲು ಕಾರಣವಿದೆ. ತಂಬೂರಿಗೆ ನಾಲ್ಕು ತಂತಿ, ನಾಲ್ಕು ಖುಂಟಿ: ಎರಡು ಎದುರಿಗೆ, ಎರಡು ಅಕ್ಕಪಕ್ಕ. ಸಿತಾರಿಗಾದರೆ ಮೇಲಿನ ತಂತಿಗಳು ಏಳರವರೆಗೆ, ಕೆಳಗೆ ಅನುರಣಿಸುವ ತರಬಿನ ತಂತಿಗಳು 11ರಿಂದ 13. ಹತ್ತಿರಹತ್ತಿರ ಇಪ್ಪತ್ತು ಖುಂಟಿ. ತಂತಿ ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಖುಂಟಿ ಒಂದು ಕೂದಲೆಳೆ ಜಾರಿದರೂ ವಿಲಂಬಿತ ಖಯಾಲಿನ ನಡುವೆ ಷಡ್ಜ ಇಳಿದುಹೋಗುತ್ತದೆ. ಹಾಗೆಂದು ಬಿಗಿಯಾಗಿ ಕಚ್ಚಿಕೊಂಡರೆ ಗಾಯಕರು ಶ್ರುತಿ ಮಾಡುವುದು ಹೇಗೆ? ಹಿಡಿತವೂ ಬೇಕು, ಸಡಿಲವೂ ಬೇಕು, ಅದೂ ಅದೇ ತೂತಿನಲ್ಲಿ.

ಮನೆಯಲ್ಲೇ ವಿಮಾನ ಕಟ್ಟಿಕೊಳ್ಳುವವರೂ ಹೀಗೊಂದು ಕಡ್ಡಿಯ ಜೊತೆ ಗುದ್ದಾಡುತ್ತಾರೆ. ಅಮೆರಿಕದ ಒರೆಗಾನಿನ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳ ಬಿಡಿಭಾಗ ತರಿಸಿ ಗ್ಯಾರೇಜಿನಲ್ಲಿ ಜೋಡಿಸುವವರು ಎಂಜಿನ್ನಿನ ಮುಚ್ಚಳವನ್ನು ಉದ್ದನೆಯ ಬಿಜಾಗರಿಗಳಿಂದ ಕೂಡಿಸುತ್ತಾರೆ. ಎರಡೂ ಪಟ್ಟಿಯ ಕಣ್ಣುಗಳು ಒಂದರೊಳಗೊಂದು ಸೇರಿದ ಮೇಲೆ ಉದ್ದನೆಯ ಉಕ್ಕಿನ ತಂತಿಯನ್ನು ಅವುಗಳ ಮೂಲಕ ತೂರಿಸಬೇಕು. ತುದಿಯನ್ನು ಅರದಿಂದ ಚೂಪು ಮಾಡುತ್ತಾರೆ, ಗ್ರೀಸ್ ಸವರುತ್ತಾರೆ, ಹೊರಗುಳಿದ ಕೊನೆಯನ್ನು ಬಗ್ಗಿಸಿ ಹೊರಳಿ ಬಾರದಂತೆ ಕಟ್ಟುತ್ತಾರೆ. ಆದರೂ ಎಂಜಿನ್ನಿನ ನಡುಕಕ್ಕೆ ಕಣ್ಣುಗಳು ಸವೆಯುತ್ತವೆ, ಕೆಲವೊಮ್ಮೆ ಒಡೆಯುತ್ತವೆ. ಮುಖ್ಯವಾಗಿ ಕೆಳಗೆ, ಹೊಗೆ ಹೊರಬರುವ ಕಡೆ. ಬೇಸತ್ತವರು ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಗುಂಡಿಗಳನ್ನು ಹಾಕಿಕೊಳ್ಳುವುದೂ ಇದೆ. ಅಲ್ಲಿ ನಡುಕ ಶತ್ರು. ಮಿರಜಿನಲ್ಲಿ ಕೆಲಸ ನಡೆಯುವುದೇ ನಡುಕಕ್ಕಾಗಿ. ಎರಡೂ ಕಡೆ ಉತ್ತರ ಕೊಡಬೇಕಾದದ್ದು ಮಾತ್ರ ಒಂದು ಕಡ್ಡಿ, ಒಂದು ತೂತು. ಮಿರಜಿನ ಕೈಚಳಕ ವಿಮಾನದ ಕೆಲಸಕ್ಕೂ ಸಲ್ಲುತ್ತಿತ್ತೆಂದು ನನ್ನ ನಂಬಿಕೆ.

ಯಾಕೆಂದರೆ ಮಿರಜಿನ ಈ ಕಸಬು ಹುಟ್ಟಿದ್ದೇ ಲೋಹದ ಕೆಲಸದ ಕೈಗಳಿಂದ. ಇದನ್ನು ಆರಂಭಿಸಿದ ಫರೀದಸಾಹೇಬರು ಶಿಕಲಗಾರರು, ಆಯುಧಗಳಿಗೆ ಸಾಣೆ ಹಿಡಿಯುವ ಮನೆತನದವರು. ಮಿರಜನ್ನು ಆಳಿದ ಪಟವರ್ಧನರ ಸಂಸ್ಥಾನದ ಕಾಲದಲ್ಲಿ, 1850ರ ಆಸುಪಾಸಿಗೆ, ವಾದ್ಯ ರಿಪೇರಿಗೆ ಕೈಹಾಕಿ ಸಿತಾರು ಮಾಡತೊಡಗಿದರು. ಕತ್ತಿಯ ಮನೆತನದ ಹೆಸರೇ ಸತಾರಮೇಕರ್ ಆಯಿತು. ಮುಂದೆ ಗಾಯಕ ಅಬ್ದುಲ್ ಕರೀಂ ಖಾನರು ಇದೇ ಊರಿನಲ್ಲಿ ನೆಲೆ ನಿಂತರು. ಧಾರವಾಡ-ಹುಬ್ಬಳ್ಳಿಯ ಹಾಡುವ ಮನೆಗಳಲ್ಲಿ ತಂಬೂರಿ ಎಂದರೆ ಮಿರಜಿನದ್ದೇ. 2024ರಲ್ಲಿ ಇಲ್ಲಿಯ ಸಿತಾರಿಗೂ ತಂಬೂರಿಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಹೆಸರಿಗೆ ಕಾವಲು ಸಿಕ್ಕಿದ್ದು ಒಳ್ಳೆಯದೇ. ಆದರೆ ಉಂಗುರದ ಹೊಳಪನ್ನು ಓದುವ ಕಣ್ಣು ಮಾನ್ಯತೆಯ ಕಾಗದದಿಂದ ಬರುವುದಿಲ್ಲ. ಅದು ಇನ್ನೊಬ್ಬರ ಪಕ್ಕದಲ್ಲಿ ಕೂತು, ಎಷ್ಟೋ ಖುಂಟಿಗಳನ್ನು ಕೆಡಿಸಿಯೇ ಬರಬೇಕು. ಅಷ್ಟು ಕೂರಲು ಹುಡುಗರಿಗೆ ದಿನಗೂಲಿ ಸಾಲಬೇಕು, ಮಾನ್ಯತೆಯ ಲಾಭ ಮೊದಲು ತಲುಪಬೇಕಾದದ್ದು ಅಲ್ಲಿಗೆ.

ಕೂತ ಖುಂಟಿಯೂ ಕೂತೇ ಇರುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ತಿರುಗಿಸಲು ಬಾರದು, ಬಿಸಿಲಿಗೆ ಕುಗ್ಗಿ ನಿಲ್ಲದು. ವರ್ಷಗಟ್ಟಲೆ ತಿರುಗಿಸಿ ತೂತು ದೊಡ್ಡದಾದ ತಂಬೂರಿಗಳು ರಿಪೇರಿಗೆಂದು ಇದೇ ಗಲ್ಲಿಗೆ ಮರಳುತ್ತವೆ. ಆಗ ತೂತನ್ನು ಮತ್ತೆ ಓರೆಯಾಗಿ ಕೊರೆದು, ಹೆಚ್ಚು ದಪ್ಪದ ಹೊಸ ಖುಂಟಿಯನ್ನು ಮೊದಲ ಉಂಗುರದಿಂದ ಶುರುಮಾಡಿ ಕೂರಿಸುತ್ತಾರೆ.